ಕುಟುಂಬದ ವ್ಯಾನು: ಹೊಸದು ಕೊಳ್ಳಬೇಕೆ, ಹಳೆಯದು ಸಾಕೆ?

ಬಾಗಲಕೋಟೆ ಜಿಲ್ಲೆಯ ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಮನೆಯ ಮುಂದೆ ನಿಲ್ಲುವ ವಾಹನಕ್ಕೆ ಒಂದೇ ಕೆಲಸವಿರುವುದಿಲ್ಲ. ವಾರದ ದಿನಗಳಲ್ಲಿ ಅದು ಇಳಕಲ್ಲಿನಿಂದ ಮಾದರಿ ಸೀರೆಗಳ ಗಂಟನ್ನೋ, ಗುಳೇದಗುಡ್ಡದಿಂದ ಖಣಗಳನ್ನೋ ಹೊತ್ತು ಹುಬ್ಬಳ್ಳಿ, ಸೊಲ್ಲಾಪುರಗಳ ಅಂಗಡಿಗಳಿಗೆ ಹೋಗಿಬರುತ್ತದೆ. ಹಬ್ಬ-ಹುಣ್ಣಿಮೆಗಳಲ್ಲಿ ಅದೇ ವಾಹನ ಹಿರಿಯರು, ಮಕ್ಕಳು ಸೇರಿದ ಏಳೆಂಟು ಮಂದಿಯನ್ನು ಬಾದಾಮಿಯ ಬನಶಂಕರಿಗೋ ಹುನಗುಂದ ಭಾಗದ ಕೂಡಲಸಂಗಮಕ್ಕೋ ಕರೆದೊಯ್ಯುತ್ತದೆ. ಐದು ಆಸನಗಳ ಸಾಮಾನ್ಯ ಕಾರು ಈ ಎರಡೂ ಕೆಲಸಗಳಿಗೆ ಸಾಲದು. ಆದ್ದರಿಂದಲೇ ಮೂರು ಸಾಲು ಆಸನಗಳ ವ್ಯಾನು ಮಾದರಿಯ ವಾಹನಗಳಿಗೆ ಈ ಭಾಗದಲ್ಲಿ ಮೊದಲಿನಿಂದಲೂ ಬೇಡಿಕೆಯಿದೆ.

ಇಂತಹ ವಾಹನವನ್ನು ಹೊಸದಾಗಿ ಕೊಳ್ಳಬೇಕೆ, ಅಥವಾ ಸೆಕೆಂಡ್ ಹ್ಯಾಂಡ್ ಆದರೂ ನಡೆದೀತೆ ಎಂಬುದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ನೂಲಿಗೆ, ನೇಕಾರರ ಮುಂಗಡಕ್ಕೆ, ಅಂಗಡಿಯ ದಾಸ್ತಾನಿಗೆ ದುಡಿಯಬೇಕಾದ ಹಣ ವಾಹನದಲ್ಲಿ ಸಿಲುಕಿದರೆ ವ್ಯಾಪಾರ ಸೊರಗುತ್ತದೆ. ಅಗ್ಗದ ಆಸೆಗೆ ಬಿದ್ದು ಕಾಗದಪತ್ರ ಸರಿಯಿಲ್ಲದ ವಾಹನವನ್ನು ಕೊಂಡರೆ ಮನೆಯ ನೆಮ್ಮದಿ ಹಾಳಾಗುತ್ತದೆ. ಈ ಎರಡರ ನಡುವೆ ಸರಿಯಾದ ದಾರಿ ಯಾವುದೆಂಬುದನ್ನು ಮಾದರಿಗಳ ಇತಿಹಾಸ, ತೆರಿಗೆ, ಇಂಧನ, ಸುರಕ್ಷತೆ ಮತ್ತು ಕಾನೂನಿನ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

ನಾಲ್ಕು ದಶಕಗಳ ಪರಂಪರೆ

ಕುಟುಂಬದ ವ್ಯಾನು ಎಂಬ ಕಲ್ಪನೆ ಜಗತ್ತಿನ ಹಲವೆಡೆ ಹೆಚ್ಚುಕಡಿಮೆ ಏಕಕಾಲಕ್ಕೆ ರೂಪುಗೊಂಡಿತು. ಅಮೆರಿಕದ ಕ್ರೈಸ್ಲರ್ ಕಂಪನಿಯು 1984ರ ಮಾದರಿ ವರ್ಷಕ್ಕೆಂದು ತನ್ನ ಮಿನಿವ್ಯಾನುಗಳನ್ನು ಹೊರತಂದಿತು. ಫ್ರಾನ್ಸಿನಲ್ಲಿ ರೆನೋ ಎಸ್ಪಾಸ್ ಬಂದದ್ದೂ 1984ರಲ್ಲಿಯೇ. ಅದೇ ವರ್ಷ ಭಾರತದಲ್ಲಿ ಮಾರುತಿ ವ್ಯಾನು ರಸ್ತೆಗಿಳಿಯಿತು. ಮುಂದೆ ಓಮ್ನಿ ಎಂಬ ಹೆಸರು ಪಡೆದ ಈ ವಾಹನಕ್ಕೆ ಮಾರುತಿ 800 ಕಾರಿನ 796 ಸಿ.ಸಿ. ಎಂಜಿನ್ನೇ ಆಧಾರ. ಜಾರುವ ಬಾಗಿಲು, ಸಮತಟ್ಟಾದ ನೆಲ, ಸರಳ ಯಂತ್ರ ಇವುಗಳಿಂದಾಗಿ ಅದು ಸಣ್ಣ ವರ್ತಕರಿಗೆ ಅಚ್ಚುಮೆಚ್ಚಾಯಿತು. ಹೊಸ ಸುರಕ್ಷತಾ ಹಾಗೂ ಹೊಗೆ ನಿಯಮಗಳಿಗೆ ಹೊಂದಿಕೊಳ್ಳಲಾರದೆ 2019ರಲ್ಲಿ ಅದರ ತಯಾರಿಕೆ ನಿಂತಿತು.

ಓಮ್ನಿಯ ಮೇಲ್ದರ್ಜೆಯಾಗಿ 2001ರಲ್ಲಿ ಬಂದ ವರ್ಸಾಗೆ ನಿರೀಕ್ಷಿತ ಮಾರಾಟ ದೊರೆಯಲಿಲ್ಲ. ಅದರ ದೇಹವನ್ನೇ ಸರಳಗೊಳಿಸಿ, ಬೆಲೆ ತಗ್ಗಿಸಿ 2010ರ ಜನವರಿಯಲ್ಲಿ ಈಕೋ ಎಂಬ ಹೆಸರಿನಲ್ಲಿ ತಂದಾಗ ಅದು ಯಶಸ್ವಿಯಾಯಿತು. ಒಂದೇ ವಾಹನ, ಬೆಲೆ ಬೇರೆಯಾದಾಗ ಫಲವೂ ಬೇರೆಯಾದ ಈ ಉದಾಹರಣೆ ವ್ಯಾಪಾರಸ್ಥರಿಗೆ ಸ್ವಾರಸ್ಯಕರವಾದುದು. ಈಕೋಗೆ 2022ರ ನವೆಂಬರಿನಲ್ಲಿ ಹೊಸ 1197 ಸಿ.ಸಿ. ಎಂಜಿನ್, 2025ರಲ್ಲಿ ಆರು ಏರ್‌ಬ್ಯಾಗುಗಳು ಬಂದವು.

ದೊಡ್ಡ ವಾಹನಗಳ ಸಾಲಿನಲ್ಲಿ 1994ರ ಟಾಟಾ ಸುಮೋ ಹಾಗೂ 2000ದ ಟೊಯೋಟಾ ಕ್ವಾಲಿಸ್ ಪ್ರಮುಖವಾದವು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದ ಕ್ವಾಲಿಸ್, ಇಂಡೋನೇಷ್ಯಾದಲ್ಲಿ 1977ರಿಂದ ಪ್ರಸಿದ್ಧವಾಗಿದ್ದ ಕಿಜಾಂಗ್ ಎಂಬ ವಾಹನದ ವಂಶಕ್ಕೆ ಸೇರಿದುದು. 2005ರಲ್ಲಿ ಅದರ ಸ್ಥಾನಕ್ಕೆ ಇನ್ನೋವಾ ಬಂದಿತು. 2016ರಲ್ಲಿ ಇನ್ನೋವಾ ಕ್ರಿಸ್ಟಾ, 2022ರ ಕೊನೆಯಲ್ಲಿ ಇನ್ನೋವಾ ಹೈಕ್ರಾಸ್ ಬಂದವು. ಹೆಸರು ಒಂದೇ ಆದರೂ ಇವು ಒಂದೇ ಬಗೆಯ ವಾಹನಗಳಲ್ಲ. ಮೊದಲ ಇನ್ನೋವಾ ಹಾಗೂ ಕ್ರಿಸ್ಟಾಗಳು ಗಟ್ಟಿ ಚಾಸಿಯ ಮೇಲೆ ಕಟ್ಟಿದ, ಹಿಂದಿನ ಗಾಲಿಗಳು ಎಳೆಯುವ ವಾಹನಗಳು. ಹೈಕ್ರಾಸ್ ಕಾರಿನ ಮಾದರಿಯ ಏಕದೇಹ ರಚನೆಯುಳ್ಳ, ಮುಂದಿನ ಗಾಲಿಗಳು ಎಳೆಯುವ ಪೆಟ್ರೋಲ್ ವಾಹನ. ಅದರ ಕೆಲವು ಮಾದರಿಗಳಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು ಸೇರಿದ ಹೈಬ್ರಿಡ್ ವ್ಯವಸ್ಥೆಯಿದೆ.

ಇವೆರಡರ ನಡುವಿನ ಬೆಲೆಯಲ್ಲಿ 2012ರಲ್ಲಿ ಮಾರುತಿ ಎರ್ಟಿಗಾ ಬಂದು ಮಧ್ಯಮವರ್ಗದ ದೊಡ್ಡ ಕುಟುಂಬಗಳನ್ನು ಸೆಳೆಯಿತು. 2018ರ ನವೆಂಬರಿನಲ್ಲಿ ಬಂದ ಎರಡನೆಯ ತಲೆಮಾರಿನ ಎರ್ಟಿಗಾ ಉದ್ದದಲ್ಲಿ 4265 ಮಿ.ಮೀ.ನಿಂದ 4395 ಮಿ.ಮೀ.ಗೆ ಬೆಳೆಯಿತು. ಅದರಿಂದ ಮೂರನೆಯ ಸಾಲಿನ ಹಿಂದಿನ ಸಾಮಾನು ಜಾಗವೂ 135 ಲೀಟರಿನಿಂದ 209 ಲೀಟರಿಗೆ ಏರಿತು. ರೆನೋ ಟ್ರೈಬರ್ 2019ರಲ್ಲಿ, ಕಿಯಾ ಕ್ಯಾರೆನ್ಸ್ 2022ರಲ್ಲಿ ಕಣಕ್ಕಿಳಿದವು.

ಈ ಪರಂಪರೆಯಲ್ಲಿ ಮರೆಯಾದವೂ ಹಲವು. ಹೋಂಡಾ ಮೊಬಿಲಿಯೋ 2014ರಲ್ಲಿ ಬಂದು 2017ರಲ್ಲಿ ನಿಂತಿತು. ರೆನೋ ಲಾಡ್ಜಿ 2015ರಿಂದ 2020ರವರೆಗಷ್ಟೇ ಉಳಿಯಿತು. ಶೆವ್ರೋಲೆ ಟವೇರಾ ಒಂದು ಕಾಲಕ್ಕೆ ಬಾಡಿಗೆ ವಾಹನವಾಗಿ ಎಲ್ಲೆಡೆ ಕಾಣುತ್ತಿತ್ತು. ಆದರೆ 2017ರ ಕೊನೆಗೆ ಜನರಲ್ ಮೋಟಾರ್ಸ್ ಕಂಪನಿ ಭಾರತದಲ್ಲಿ ಮಾರಾಟವನ್ನೇ ನಿಲ್ಲಿಸಿತು. ವಾಹನ ಉತ್ತಮವೇ ಇದ್ದರೂ ಅದರ ಕಂಪನಿಯೋ ಮಾದರಿಯೋ ಮಾರುಕಟ್ಟೆಯಿಂದ ಹೊರನಡೆದರೆ ಬಿಡಿಭಾಗಕ್ಕೆ ಅಲೆಯುವ ಹಾಗೂ ಮರುಮಾರಾಟದಲ್ಲಿ ನಷ್ಟ ಅನುಭವಿಸುವ ಪಾಡು ಮಾಲೀಕನದಾಗುತ್ತದೆ. ಹಳೆಯ ವಾಹನ ಕೊಳ್ಳುವವರು ಮೊದಲು ನೋಡಬೇಕಾದುದು ಇದನ್ನೇ.

ಅಗತ್ಯವನ್ನು ಅಳೆಯುವುದು ಹೇಗೆ?

ಏಳು ಆಸನಗಳೆಂದು ಜಾಹೀರಾತಿನಲ್ಲಿದ್ದರೂ ಏಳು ಜನ ವಯಸ್ಕರು ಸುಖವಾಗಿ ಕುಳಿತು ದೂರ ಪ್ರಯಾಣ ಮಾಡಬಹುದೆಂದು ಅರ್ಥವಲ್ಲ. ಟ್ರೈಬರ್, ಎರ್ಟಿಗಾಗಳಲ್ಲಿ ಮೂರನೆಯ ಸಾಲು ಮಕ್ಕಳಿಗೆ ಅಥವಾ ಸಣ್ಣ ಪ್ರಯಾಣಕ್ಕೆ ಹೇಳಿದ್ದು. ಮೊಣಕಾಲು ನೋವಿನ ಹಿರಿಯರು ಆ ಸಾಲಿಗೆ ಹತ್ತಿ ಇಳಿಯುವುದು ಕಷ್ಟ. ಇನ್ನೋವಾದಲ್ಲಿ ಮೂರನೆಯ ಸಾಲಿಗೂ ಸಾಕಷ್ಟು ಜಾಗವಿದೆ. ವಾಹನ ನೋಡಲು ಹೋಗುವಾಗ ಮನೆಯ ಯಜಮಾನನೊಬ್ಬನೇ ಹೋಗದೆ, ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ದು ಎಲ್ಲ ಸಾಲುಗಳಲ್ಲಿ ಕೂರಿಸಿ ನೋಡುವುದು ವಿವೇಕ.

ಎಲ್ಲ ಆಸನಗಳೂ ತುಂಬಿದಾಗ ಸಾಮಾನಿಗೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನೂ ನೋಡಬೇಕು. ಹಿಂಬದಿಯ ಜಾಗವನ್ನು ಸಿ.ಎನ್.ಜಿ. ಸಿಲಿಂಡರು ಆಕ್ರಮಿಸಿದ್ದರೆ ಸೀರೆಯ ಗಂಟಿಗೂ ಮನೆಯವರ ಪೆಟ್ಟಿಗೆಗಳಿಗೂ ಏಕಕಾಲಕ್ಕೆ ಸ್ಥಳ ದೊರೆಯದು.

ಈ ಭಾಗದ ಹವೆ, ರಸ್ತೆಗಳೂ ಆಯ್ಕೆಯನ್ನು ನಿರ್ಧರಿಸುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವ ಊರುಗಳಲ್ಲಿ ಹಿಂದಿನ ಸಾಲುಗಳಿಗೆ ಪ್ರತ್ಯೇಕ ಎ.ಸಿ. ಗಾಳಿಕಿಂಡಿ ಇರುವುದು ಭೋಗವಲ್ಲ, ಅವಶ್ಯಕತೆ. ಓಮ್ನಿ, ಈಕೋಗಳಲ್ಲಿ ಎಂಜಿನ್ ಮುಂದಿನ ಆಸನಗಳ ಕೆಳಗಿರುವುದರಿಂದ ಅಲ್ಲಿ ಕೂತವರಿಗೆ ಬಿಸಿ ತಟ್ಟುತ್ತದೆ. ಎರೆಭೂಮಿಯ ಹಳ್ಳಿಗಳ ದಾರಿಯಲ್ಲಿ, ಇಳಕಲ್ಲಿನ ಗ್ರಾನೈಟ್ ಗಣಿಗಳ ಆಸುಪಾಸಿನಲ್ಲಿ ಓಡಾಡುವ ವಾಹನಗಳ ಏರ್ ಫಿಲ್ಟರ್ ಬೇಗನೆ ಕಟ್ಟಿಕೊಳ್ಳುತ್ತದೆ. ವಿಜಯಪುರದಿಂದ ಹುನಗುಂದ, ಇಳಕಲ್ಲುಗಳ ಮೂಲಕ ಹೊಸಪೇಟೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ದಿನವೂ ಓಡುವವರ ಅಗತ್ಯ ಒಂದಾದರೆ, ನವನಗರ ಹಾಗೂ ಹಳೆ ಬಾಗಲಕೋಟೆಗಳ ನಡುವೆ ಓಡಾಡುವವರ ಅಗತ್ಯ ಇನ್ನೊಂದು.

ಬಂಡವಾಳದ ಲೆಕ್ಕ

ಹೊಸ ವಾಹನದ ನಿಜವಾದ ವೆಚ್ಚ ಶೋರೂಮಿನ ಬೆಲೆಯಲ್ಲ. ಅದಕ್ಕೆ ಆಜೀವ ರಸ್ತೆ ತೆರಿಗೆ, ವಿಮೆ, ನೋಂದಣಿ ಸೇರಬೇಕು. ಕರ್ನಾಟಕದಲ್ಲಿ ಖಾಸಗಿ ಕಾರುಗಳ ಆಜೀವ ತೆರಿಗೆ ಬೆಲೆಗೆ ತಕ್ಕಂತೆ ಶೇ. 13ರಿಂದ ಶೇ. 18ರವರೆಗೆ ಇದ್ದು, ಅದರ ಮೇಲೆ ಸೆಸ್ ಬೇರೆ. ಈ ತೆರಿಗೆಯನ್ನು ಮೊದಲ ಮಾಲೀಕನೇ ಭರಿಸಿರುವುದರಿಂದ ರಾಜ್ಯದೊಳಗಿನ ಹಳೆಯ ವಾಹನವನ್ನು ಕೊಳ್ಳುವವನಿಗೆ ಅದೊಂದು ಲಾಭ.

ಉದಾಹರಣೆಗಾಗಿ ಒಂದು ಲೆಕ್ಕವನ್ನು ನೋಡಬಹುದು. ರಸ್ತೆಗಿಳಿಯುವಾಗ 14 ಲಕ್ಷ ರೂ. ಬೀಳುವ ಹೊಸ ವಾಹನ ಹಾಗೂ 7 ಲಕ್ಷ ರೂ. ಬೆಲೆಯ, ಐದು ವರ್ಷ ಹಳೆಯದಾದ ಅದೇ ಬಗೆಯ ವಾಹನ ಎಂದು ಇಟ್ಟುಕೊಳ್ಳೋಣ. ಐದು ವರ್ಷಗಳ ನಂತರ ಹೊಸದು 7 ಲಕ್ಷಕ್ಕೆ, ಹಳೆಯದು 4 ಲಕ್ಷಕ್ಕೆ ಮಾರಾಟವಾದರೆ ವರ್ಷಕ್ಕೆ ಬೆಲೆಯಿಳಿಕೆ ಕ್ರಮವಾಗಿ 1,40,000 ರೂ. ಹಾಗೂ 60,000 ರೂ. ಆಗುತ್ತದೆ. ತೊಡಗಿಸಿದ ಹಣಕ್ಕೆ ಶೇ. 11ರ ಬಡ್ಡಿ ಹಿಡಿದರೆ ಮೊದಲ ವರ್ಷ 1,54,000 ರೂ. ಹಾಗೂ 77,000 ರೂ. ಹಳೆಯದಕ್ಕೆ ಟಯರು, ಸಸ್ಪೆನ್ಷನ್, ಕ್ಲಚ್ ಮುಂತಾದವುಗಳಿಗೆ ವರ್ಷಕ್ಕೆ 30,000 ರೂ. ಹೆಚ್ಚುವರಿ ದುರಸ್ತಿ ವೆಚ್ಚ ಸೇರಿಸಿದರೂ ಮೊದಲ ವರ್ಷದ ಒಟ್ಟು ಭಾರ ಹೊಸದಕ್ಕೆ 2,94,000 ರೂ., ಹಳೆಯದಕ್ಕೆ 1,67,000 ರೂ. ಆಗುತ್ತದೆ. ಅಂತರ 1,27,000 ರೂ.

ಆದಾಯ ತೆರಿಗೆಯಲ್ಲಿ ವ್ಯವಹಾರಕ್ಕೆ ಬಳಸುವ ಕಾರಿಗೆ ಶೇ. 15ರ ಸವಕಳಿ ದೊರೆಯುತ್ತದೆ. ವಾಹನದ ಅರ್ಧ ಬಳಕೆ ಮನೆಗೆಂದಾದರೆ ಆ ಪಾಲಿನ ಸವಕಳಿ ಸಿಗದು. ಶೇ. 30ರ ತೆರಿಗೆ ಹಂತದಲ್ಲಿರುವ ವರ್ತಕನು ಅರ್ಧ ಬಳಕೆಗೆ ಮೊದಲ ವರ್ಷದಲ್ಲಿ ಹೊಸ ವಾಹನದಿಂದ 31,500 ರೂ., ಹಳೆಯದರಿಂದ 15,750 ರೂ. ತೆರಿಗೆ ಉಳಿಸಬಹುದು. ಆಗಲೂ ಅಂತರ ಸುಮಾರು 1,11,000 ರೂ. ಉಳಿಯುತ್ತದೆ. ಮೊತ್ತಗಳು ವಾಹನದಿಂದ ವಾಹನಕ್ಕೆ ಬದಲಾಗುತ್ತವೆ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಇಟ್ಟು ಇದೇ ಕ್ರಮದಲ್ಲಿ ಲೆಕ್ಕ ಹಾಕಬಹುದು. ಹೀಗೆ ಉಳಿಯುವ ಹಣವನ್ನು ವ್ಯಾಪಾರದಲ್ಲಿ ತೊಡಗಿಸಲು ಅವಕಾಶವಿದ್ದವರಿಗೆ ಹಳೆಯ ವಾಹನ ಲಾಭದಾಯಕ. ಹಾಗಿಲ್ಲದೆ ದುರಸ್ತಿಗೆಂದು ವಾಹನ ಗ್ಯಾರೇಜಿನಲ್ಲಿ ನಿಂತರೆ ವಹಿವಾಟೇ ನಿಲ್ಲುವಂತಹವರಿಗೆ ಹೊಸ ವಾಹನದ ಖಾತರಿಯೇ ಹೆಚ್ಚು ಬೆಲೆಬಾಳುವಂಥದು.

ತೆರಿಗೆಯ ಸೂಕ್ಷ್ಮಗಳು

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ಬದಲಾವಣೆ ಈ ಮಾರುಕಟ್ಟೆಯ ಲೆಕ್ಕವನ್ನೇ ಬದಲಿಸಿತು. ಉದ್ದ 4 ಮೀಟರ್ ಮೀರದ, 1200 ಸಿ.ಸಿ.ಯೊಳಗಿನ ಪೆಟ್ರೋಲ್ ಹಾಗೂ 1500 ಸಿ.ಸಿ.ಯೊಳಗಿನ ಡೀಸೆಲ್ ವಾಹನಗಳಿಗೆ ಶೇ. 18, ಅದಕ್ಕಿಂತ ದೊಡ್ಡವಕ್ಕೆ ಶೇ. 40 ತೆರಿಗೆ ನಿಗದಿಯಾಗಿ, ಪರಿಹಾರ ಸೆಸ್ ರದ್ದಾಯಿತು. ಈಕೋ, ಟ್ರೈಬರ್ ಹಾಗೂ ಬೊಲೆರೋಗಳು ಮೊದಲ ವರ್ಗಕ್ಕೆ, ಎರ್ಟಿಗಾ, ಕ್ಯಾರೆನ್ಸ್, ಇನ್ನೋವಾಗಳು ಎರಡನೆಯ ವರ್ಗಕ್ಕೆ ಸೇರುತ್ತವೆ. ಎರ್ಟಿಗಾದ ಮೇಲೆ ಮೊದಲು ಸೆಸ್ ಸೇರಿ ಶೇ. 45ರಷ್ಟು ತೆರಿಗೆಯಿತ್ತು. ಆದ್ದರಿಂದ 2025ಕ್ಕೆ ಮೊದಲು ಖರೀದಿಸಿದ ವಾಹನವನ್ನು ಮಾರುವವನು ತಾನು ಕೊಟ್ಟ ಹಳೆಯ ಬೆಲೆಯನ್ನು ಮುಂದಿಟ್ಟು ಚೌಕಾಸಿ ಮಾಡಿದರೆ ಕೊಳ್ಳುವವನು ಒಪ್ಪಬೇಕಾಗಿಲ್ಲ. ಹೋಲಿಕೆ ಇಂದಿನ ಹೊಸ ವಾಹನದ ಬೆಲೆಯೊಡನೆಯೇ ನಡೆಯಬೇಕು.

ಜಿ.ಎಸ್.ಟಿ. ನೋಂದಣಿಯುಳ್ಳ ವರ್ತಕರು ಕಾರಿನ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯುವುದೆಂದು ಭಾವಿಸುವುದುಂಟು. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೆ, ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿಗಳಂತಹ ವ್ಯವಹಾರದವರನ್ನು ಬಿಟ್ಟರೆ, ಉಳಿದವರಿಗೆ ಈ ಕ್ರೆಡಿಟ್ ಇಲ್ಲ. ಸರಕು ವಾಹನವೆಂದೇ ನೋಂದಣಿಯಾಗುವ ಈಕೋ ಕಾರ್ಗೋದಂತಹ ವಾಹನಕ್ಕೆ ಈ ತಡೆ ಅನ್ವಯಿಸದು. ಮಾಲಿನ ಸಾಗಣೆಯೇ ಮುಖ್ಯವಾದವರು ಪ್ರಯಾಣಿಕ ವ್ಯಾನಿನ ಆಸನ ಕಿತ್ತು ಮೂಟೆ ತುಂಬುವ ಬದಲು ಸರಕು ವಾಹನವನ್ನೇ ಬೇರೆ ಕೊಳ್ಳುವುದು ಲೇಸು. ಅನುಮತಿಯಿಲ್ಲದೆ ವಾಹನದ ರಚನೆ ಬದಲಿಸುವುದು ಕಾನೂನುಬಾಹಿರ. ಅಪಘಾತವಾದಾಗ ವಿಮಾ ಪರಿಹಾರಕ್ಕೂ ಅದು ಅಡ್ಡಬರುತ್ತದೆ.

ವ್ಯವಹಾರದ ಲೆಕ್ಕಪುಸ್ತಕದಲ್ಲಿರುವ ಹಳೆಯ ವಾಹನವನ್ನು ಮಾರುವಾಗಲೂ ಜಿ.ಎಸ್.ಟಿ. ಬರುತ್ತದೆ. 2025ರ ಜನವರಿಯಿಂದ ಇದರ ದರ ಶೇ. 18. ಆದರೆ ಅದು ಮಾರಾಟದ ಪೂರ್ತಿ ಬೆಲೆಯ ಮೇಲಲ್ಲ. ಸವಕಳಿ ಪಡೆದಿದ್ದರೆ, ಸವಕಳಿ ಕಳೆದು ಉಳಿದ ಪುಸ್ತಕ ಬೆಲೆಗಿಂತ ಹೆಚ್ಚಿಗೆ ಬಂದ ಮೊತ್ತದ ಮೇಲೆ ಮಾತ್ರ. ಪುಸ್ತಕ ಬೆಲೆ 3,20,000 ರೂ. ಇದ್ದ ವಾಹನ 4,00,000 ರೂ.ಗೆ ಮಾರಾಟವಾದರೆ 80,000 ರೂ. ಮೇಲಿನ ತೆರಿಗೆ 14,400 ರೂ. ಅದೇ ವಾಹನ 3,00,000 ರೂ.ಗೆ ಹೋದರೆ ತೆರಿಗೆಯಿಲ್ಲ. ಜಿ.ಎಸ್.ಟಿ. ನೋಂದಣಿಯಿಲ್ಲದ ವ್ಯಕ್ತಿ ತನ್ನ ಸ್ವಂತ ಕಾರು ಮಾರಿದರೆ ಈ ತೆರಿಗೆ ಅನ್ವಯವಾಗುವುದಿಲ್ಲ.

ನಗದಿನ ವ್ಯವಹಾರದ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದಾಗಿ ಕೊಟ್ಟ ಹಣ ಸವಕಳಿಯ ಲೆಕ್ಕಕ್ಕೆ ಬರುವುದಿಲ್ಲ. 2 ಲಕ್ಷ ರೂ. ಅಥವಾ ಹೆಚ್ಚಿನ ಮೊತ್ತವನ್ನು ಒಂದೇ ವ್ಯವಹಾರಕ್ಕೆ ನಗದಾಗಿ ಪಡೆಯುವುದನ್ನು ಕಾನೂನು ನಿಷೇಧಿಸಿದೆ. ದಲ್ಲಾಳಿಯ ಮಾತಿಗೆ ಓಗೊಟ್ಟು ಹಣದ ಕಟ್ಟು ಕೈಬದಲಾಯಿಸಿದರೆ ಇಬ್ಬರಿಗೂ ತೊಂದರೆ ತಪ್ಪಿದ್ದಲ್ಲ. ಅಂದಾಜು ಲಾಭದ ಆಧಾರದ ಮೇಲೆ ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯುವ ಅವಕಾಶವೇ ಇಲ್ಲ. ಅಂಥವರು ತೆರಿಗೆ ಉಳಿತಾಯದ ಆಸೆಗೆ ಹೊಸ ವಾಹನ ಕೊಳ್ಳುವುದರಲ್ಲಿ ಅರ್ಥವಿಲ್ಲ. ಸವಕಳಿ ಪಡೆಯುವವರು ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ, ಆರ್ಥಿಕ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದ ವಾಹನಕ್ಕೆ ಆ ವರ್ಷ ಅರ್ಧ ಸವಕಳಿ ಮಾತ್ರ. ದೀಪಾವಳಿಯ ಪಾಡ್ಯಕ್ಕೆ ಮನೆಗೆ ಬರುವ ವಾಹನ ಸಾಮಾನ್ಯವಾಗಿ ಈ ಗುಂಪಿಗೇ ಸೇರುತ್ತದೆ.

ಇಂಧನದ ಆಯ್ಕೆ

ಲೀಟರಿಗೆ 100 ರೂ. ಎಂದು ಹಿಡಿದು, ಒಂದು ವಾಹನ ಲೀಟರಿಗೆ 12 ಕಿ.ಮೀ., ಇನ್ನೊಂದು 16 ಕಿ.ಮೀ. ಕೊಟ್ಟರೆ, ವರ್ಷಕ್ಕೆ 12,000 ಕಿ.ಮೀ. ಓಟದಲ್ಲಿ ಆಗುವ ಉಳಿತಾಯ 25,000 ರೂ. ಮಾತ್ರ. ಹೀಗಾಗಿ ಮೈಲೇಜ್ ಒಂದನ್ನೇ ನೋಡಿ ಲಕ್ಷಾಂತರ ರೂ. ಹೆಚ್ಚು ಕೊಡುವುದು ಹೆಚ್ಚು ಓಡಿಸುವವರಿಗಷ್ಟೇ ಲಾಭದಾಯಕ.

ದೇಶದಾದ್ಯಂತ 2017ರ ಏಪ್ರಿಲ್‌ನಿಂದ ಬಿ.ಎಸ್.-4, 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮಗಳು ಜಾರಿಗೆ ಬಂದವು. ಮಾರುತಿ ಕಂಪನಿ 2020ರಲ್ಲಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಎರ್ಟಿಗಾದ ಹಳೆಯ 1248 ಸಿ.ಸಿ. ಡೀಸೆಲ್ ಎಂಜಿನ್ ಸ್ವಿಫ್ಟ್, ಡಿಜೈರ್‌ಗಳಲ್ಲಿಯೂ ಇದ್ದುದರಿಂದ ಅದರ ಪರಿಚಯವುಳ್ಳ ಮಿಸ್ತ್ರಿಗಳು ಎಲ್ಲೆಡೆ ಇದ್ದಾರೆ. ಬಿ.ಎಸ್.-6 ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂಡಿದ ಮಸಿ ಸುಟ್ಟುಹೋಗಲು ವಾಹನವು ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಬೇಕು. ಊರೊಳಗೆ ಎರಡು-ಮೂರು ಕಿ.ಮೀ. ಓಡಿಸಿ ನಿಲ್ಲಿಸುವವರಿಗೆ ಫಿಲ್ಟರ್ ಕಟ್ಟಿಕೊಂಡು ದುಬಾರಿ ದುರಸ್ತಿ ಬರಬಹುದು. ಅಂಥವರಿಗೆ ಪೆಟ್ರೋಲೇ ಸೂಕ್ತ.

ಜಮಖಂಡಿ, ಮುಧೋಳ ಭಾಗದ ಕಬ್ಬಿನಿಂದ ತಯಾರಾಗುವ ಎಥೆನಾಲ್ ಪೆಟ್ರೋಲಿಗೆ ಸೇರುತ್ತಿರುವುದು ಜಿಲ್ಲೆಯ ಆರ್ಥಿಕತೆಗೆ ಒಳಿತೇ. ಆದರೆ ಶೇ. 20ರ ಮಿಶ್ರಣಕ್ಕೆ ಹೊಂದುವ ಭಾಗಗಳುಳ್ಳ ವಾಹನಗಳು ಬಂದದ್ದು 2023ರ ಏಪ್ರಿಲ್‌ನಿಂದೀಚೆಗೆ. ಅದಕ್ಕೂ ಹಳೆಯ ಪೆಟ್ರೋಲ್ ವಾಹನ ಕೊಳ್ಳುವವರು ಇಂಧನ ಕೊಳವೆ, ರಬ್ಬರ್ ಭಾಗಗಳನ್ನು ಪರೀಕ್ಷಿಸಿ ಅಗತ್ಯವಿದ್ದರೆ ಬದಲಾಯಿಸಬೇಕು. ಮೈಲೇಜ್ ಸ್ವಲ್ಪ ತಗ್ಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗ್ಯಾಸ್ ವಾಹನವಾದರೆ ಕಿಟ್ ಆರ್.ಸಿ.ಯಲ್ಲಿ ನಮೂದಾಗಿರಲೇಬೇಕು. ಸಿ.ಎನ್.ಜಿ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಗೆ ಒಳಪಡಿಸಿದ ಪ್ರಮಾಣಪತ್ರ ಇರಬೇಕು. ಅಡುಗೆ ಸಿಲಿಂಡರಿನಿಂದ ವ್ಯಾನು ಓಡಿಸುವುದು ಅಪರಾಧವೂ ಹೌದು, ಮನೆಮಂದಿಯ ಜೀವಕ್ಕೆ ಅಪಾಯವೂ ಹೌದು.

ಹಳೆಯ ವಾಹನದ ಪರೀಕ್ಷೆ

ಮೀಟರಿನಲ್ಲಿ ಕಾಣುವ ಕಿಲೋಮೀಟರನ್ನು ನಂಬುವ ಕಾಲ ಇದಲ್ಲ. ಕ್ಲಚ್ ಪೆಡಲಿನ ರಬ್ಬರು, ಸ್ಟೀಯರಿಂಗ್ ಚಕ್ರ, ಚಾಲಕನ ಆಸನದ ಸವೆತ ಇವು ನಿಜ ಹೇಳುತ್ತವೆ. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ದಾಖಲಾದ ಓಟದ ವಿವರವನ್ನು ಮಾಲೀಕನ ಮೂಲಕ ಪಡೆದು ಹೋಲಿಸಬೇಕು. ಟಯರಿನ ಮೇಲಿನ ನಾಲ್ಕು ಅಂಕೆಗಳು ಅದರ ತಯಾರಿಕೆಯ ವಾರ ಹಾಗೂ ವರ್ಷವನ್ನು ತಿಳಿಸುತ್ತವೆ. 2321 ಎಂದಿದ್ದರೆ 2021ನೆಯ ವರ್ಷದ 23ನೆಯ ವಾರ. ಇನ್ನೋವಾ, ಟವೇರಾದಂತಹ ವಾಹನಗಳಲ್ಲಿ ಹಳದಿ ಬೋರ್ಡಿನಲ್ಲಿ ದುಡಿದು ಬಿಳಿ ಬೋರ್ಡಿಗೆ ಬದಲಾದವು ಹಲವು. ಇದು ತಪ್ಪೇನಲ್ಲ. ಆದರೆ ಬೆಲೆ ಅದಕ್ಕೆ ತಕ್ಕಂತೆ ಇಳಿಯಬೇಕು.

ಈ ಜಿಲ್ಲೆಯ ಖರೀದಿದಾರರು ಮರೆಯಬಾರದ ಇನ್ನೊಂದು ಪರೀಕ್ಷೆಯಿದೆ. 2009ರಲ್ಲಿ ಹಾಗೂ 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕವನ್ನು ಕಾಡಿದ ನೆರೆಯಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ತೀರದ ಊರುಗಳು ಜಲಾವೃತವಾದವು. ನೀರಿನಲ್ಲಿ ನಿಂತ ವಾಹನ ತೊಳೆದು ಒಣಗಿದ ಮೇಲೆ ಹೊಳೆಯುತ್ತದೆ. ಆದರೆ ಅದರ ವಿದ್ಯುತ್ ತಂತಿಗಳು ವರ್ಷಗಟ್ಟಲೆ ಕಾಟ ಕೊಡುತ್ತವೆ. ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದರೆ ಒಳಭಾಗದಲ್ಲಿ ಕೆಸರಿನ ಗೆರೆ ಕಾಣಬಹುದು. ನೆಲಹಾಸಿನ ಅಡಿಯ ವಾಸನೆ, ಆಸನದ ಹಳಿಗಳ ತುಕ್ಕು, ದೀಪಗಳ ಒಳಗಿನ ಹಬೆ ಇವೂ ಸುಳಿವು ನೀಡುತ್ತವೆ.

ಸೊಲ್ಲಾಪುರ, ಕೊಲ್ಲಾಪುರಗಳೊಡನೆ ವ್ಯಾಪಾರವುಳ್ಳವರು ಮಹಾರಾಷ್ಟ್ರದ ವಾಹನಕ್ಕೂ, ಅಗ್ಗದ ಬೆಲೆಗೆ ಮನಸೋತವರು ದೆಹಲಿಯ ಡೀಸೆಲ್ ವಾಹನಕ್ಕೂ ಕೈಹಾಕುವುದುಂಟು. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧವೇ ಆ ಅಗ್ಗಕ್ಕೆ ಕಾರಣ. ಹೊರರಾಜ್ಯದ ವಾಹನಕ್ಕೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿ ಕೆ.ಎ.-29 ಸಂಖ್ಯೆ ಪಡೆಯುವಾಗ ವಾಹನದ ವಯಸ್ಸಿಗೆ ತಕ್ಕ ಆಜೀವ ತೆರಿಗೆಯನ್ನು ಹೊಸದಾಗಿ ಕಟ್ಟಬೇಕು. ಇದನ್ನು ಸೇರಿಸಿ ನೋಡಿದರೆ ಅಗ್ಗವೆನಿಸಿದ್ದು ಅಗ್ಗವಾಗಿ ಉಳಿಯುವುದು ವಿರಳ.

ಕಾಗದಪತ್ರಗಳು

1. ಆರ್.ಸಿ.ಯಲ್ಲಿನ ಚಾಸಿ, ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಗಳೊಡನೆ ತಾಳೆ ನೋಡಬೇಕು.

2. ಸಾಲವಿದ್ದರೆ ಬ್ಯಾಂಕಿನ ತೀರುವಳಿ ಪತ್ರ ಹಾಗೂ ನಮೂನೆ 35 ಸಹಿತ ಆರ್.ಸಿ.ಯಲ್ಲಿನ ಅಡಮಾನದ ನಮೂದು ರದ್ದಾಗಬೇಕು.

3. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30 ಭರ್ತಿಯಾಗಿ ಸಾರಿಗೆ ಕಚೇರಿಗೆ ಸಲ್ಲಬೇಕು. ಖಾಲಿ ನಮೂನೆಗೆ ಸಹಿ ಹಾಕಿ ದಲ್ಲಾಳಿಗೆ ಒಪ್ಪಿಸುವುದು ಸಲ್ಲದು.

4. ಬಾಕಿ ದಂಡಗಳಿದ್ದರೆ ಅವುಗಳನ್ನು ಮಾರುವವನೇ ತೀರಿಸಬೇಕು.

5. ವಿಮೆಯನ್ನು ವರ್ಗಾವಣೆಯಾದ 14 ದಿನಗಳೊಳಗೆ ಹೊಸ ಹೆಸರಿಗೆ ಬದಲಿಸಲು ಕೋರಬೇಕು. ನೋ ಕ್ಲೇಮ್ ಬೋನಸ್ ವಾಹನಕ್ಕಲ್ಲ, ಮಾಲೀಕನಿಗೆ ಸೇರಿದ್ದು. ಗರಿಷ್ಠ ಶೇ. 50ರ ಈ ರಿಯಾಯಿತಿಯನ್ನು ಮಾರುವವನು ಪತ್ರ ಪಡೆದು ತನ್ನ ಹೊಸ ವಾಹನಕ್ಕೆ ಒಯ್ಯಬಹುದು.

6. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಐದು ವರ್ಷಗಳಿಗೊಮ್ಮೆ ನವೀಕರಣ. 20 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕವನ್ನು 2025ರಲ್ಲಿ 10,000 ರೂ.ಗೆ ಏರಿಸಲಾಯಿತು. ಕ್ವಾಲಿಸ್ ವಾಹನಗಳೆಲ್ಲವೂ ಈ ವಯಸ್ಸು ದಾಟಿವೆ.

ಮಾರುವವರಿಗೂ ಇಲ್ಲಿ ಒಂದು ಎಚ್ಚರಿಕೆಯಿದೆ. ವಾಹನ ಹಲವು ಕೈ ಬದಲಾಯಿಸಿದ್ದರೂ ನೋಂದಣಿ ಮೂಲ ಮಾಲೀಕನ ಹೆಸರಿನಲ್ಲೇ ಇದ್ದ ಪ್ರಕರಣವೊಂದರಲ್ಲಿ, ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ. ಹಣ ಕೈಸೇರಿತು, ಇನ್ನು ತನಗೇನು ಎಂದು ಸುಮ್ಮನಿರುವ ವರ್ತಕನ ಅಂಗಡಿ-ಮನೆಗಳು ಒಂದು ದಿನ ಜಪ್ತಿಯ ಅಂಚಿಗೆ ಬರಬಹುದು. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಅಧಿಕೃತ ಪರವಾನಗಿಯುಳ್ಳ ಹಳೆಯ ವಾಹನಗಳ ವ್ಯಾಪಾರಿಗೆ ವಾಹನ ಒಪ್ಪಿಸಿ ಅದನ್ನು ಸಾರಿಗೆ ಇಲಾಖೆಗೆ ತಿಳಿಸಿದರೆ, ಅಲ್ಲಿಂದ ಮುಂದಿನ ಹೊಣೆ ಆ ವ್ಯಾಪಾರಿಯದಾಗುತ್ತದೆ.

ಸುರಕ್ಷತೆ

ಹಳೆಯ ವಾಹನದ ತಯಾರಿಕೆಯ ವರ್ಷವೇ ಅದರ ಸುರಕ್ಷತೆಯ ಮೊದಲ ಅಳತೆಗೋಲು. ಎ.ಬಿ.ಎಸ್. ಬ್ರೇಕು ಎಲ್ಲ ಕಾರುಗಳಿಗೆ 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ, ಮುಂದಿನ ಎರಡೂ ಆಸನಗಳ ಏರ್‌ಬ್ಯಾಗ್ 2022ರ ಜನವರಿಯಿಂದ ಕಡ್ಡಾಯವಾದವು. ಸಾಧ್ಯವಾದರೆ 2019ರ ಜುಲೈ ನಂತರದ ವಾಹನಕ್ಕೇ ಆದ್ಯತೆ ಕೊಡುವುದು ಒಳಿತು.

ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ 2016ರಲ್ಲಿ ಈಕೋಗೆ ಶೂನ್ಯ, 2019ರಲ್ಲಿ ಎರ್ಟಿಗಾಗೆ ಮೂರು, 2021ರಲ್ಲಿ ಟ್ರೈಬರ್‌ಗೆ ನಾಲ್ಕು ತಾರೆಗಳು ದೊರೆತವು. 2022ರಲ್ಲಿ ಪರೀಕ್ಷೆ ಕಠಿಣವಾಯಿತು. 2024ರ ಪರೀಕ್ಷೆಯಲ್ಲಿ ಎರ್ಟಿಗಾಗೆ ಒಂದೇ ತಾರೆ ಬಂದಿತು. ಆದ್ದರಿಂದ ಬೇರೆ ಬೇರೆ ವರ್ಷಗಳ ತಾರೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲಾಗದು. ಭಾರತದ್ದೇ ಆದ ಪರೀಕ್ಷಾ ವ್ಯವಸ್ಥೆ 2023ರ ಅಕ್ಟೋಬರಿನಲ್ಲಿ ಆರಂಭವಾಗಿದ್ದು, 2025ರಲ್ಲಿ ಅದರಲ್ಲಿ ಇನ್ನೋವಾ ಹೈಕ್ರಾಸ್ ಐದು ತಾರೆ ಪಡೆಯಿತು.

ವಾಹನ ಎಷ್ಟೇ ಗಟ್ಟಿಯಿದ್ದರೂ ಏಳು ಆಸನಗಳಲ್ಲಿ ಹನ್ನೆರಡು ಜನರನ್ನು ತುಂಬಿ ಜಾತ್ರೆಗೆ ಹೊರಟರೆ ಯಾವ ತಾರೆಯೂ ಕಾಯದು. ಬಿಳಿ ಬೋರ್ಡಿನ ವಾಹನವನ್ನು ಬಿಡುವಿನ ದಿನಗಳಲ್ಲಿ ಬಾಡಿಗೆಗೆ ಬಿಡುವುದೂ ಪರವಾನಗಿ ನಿಯಮದ ಉಲ್ಲಂಘನೆ. ಅಪಘಾತವಾದಾಗ ವಿಮಾ ಕಂಪನಿ ಕೈಚೆಲ್ಲಲು ಅದೇ ಕಾರಣ ಸಾಕು.

ಯಾರಿಗೆ ಯಾವುದು?

ಊರೊಳಗಿನ ಓಡಾಟವೇ ಹೆಚ್ಚಾಗಿ, ದೂರದ ಪ್ರಯಾಣ ಅಪರೂಪವಾಗಿರುವ ಅಂಗಡಿಕಾರರಿಗೆ ಶೇ. 18ರ ತೆರಿಗೆ ವರ್ಗದ ಹೊಸ ಸಣ್ಣ ವಾಹನ ಹೆಚ್ಚು ಹೊಂದುತ್ತದೆ. ಹಳೆಯ ಓಮ್ನಿಗಿಂತ ಅದು ಸುರಕ್ಷಿತವೂ ಹೌದು. ತಿಂಗಳಿಗೆರಡು ಬಾರಿ ಹುಬ್ಬಳ್ಳಿ, ಸೊಲ್ಲಾಪುರಗಳಿಗೆ ಕುಟುಂಬ ಸಹಿತ ಹೋಗಿಬರುವವರಿಗೆ 2019ರ ನಂತರದ, ಒಬ್ಬನೇ ಮಾಲೀಕನ, ಸರ್ವಿಸ್ ದಾಖಲೆಯುಳ್ಳ ಎರಡನೆಯ ತಲೆಮಾರಿನ ಎರ್ಟಿಗಾದಂತಹ ವಾಹನ ಬಂಡವಾಳಕ್ಕೂ ಅಗತ್ಯಕ್ಕೂ ಸರಿಹೋಗುತ್ತದೆ. ವರ್ಷಕ್ಕೆ 25-30 ಸಾವಿರ ಕಿ.ಮೀ. ಮೀರಿ ಹೆದ್ದಾರಿಯಲ್ಲಿ ಓಡುವವರು, ವಾಹನವನ್ನು ಹತ್ತು ವರ್ಷ ಇಟ್ಟುಕೊಳ್ಳುವವರು ಇನ್ನೋವಾ ದರ್ಜೆಯ ಹೊಸ ವಾಹನಕ್ಕೆ ಹೆಚ್ಚು ಕೊಟ್ಟರೂ ನಷ್ಟವಾಗದು.

ನೂಲಿನ ಎಣಿಕೆ, ಬಣ್ಣದ ಗಟ್ಟಿತನ, ಸೆರಗಿನ ಜೋಡಣೆ ಇವನ್ನು ನೋಡದೆ ಇಳಕಲ್ಲಿನ ಯಾವ ವರ್ತಕನೂ ಸೀರೆಗೆ ಬೆಲೆ ಕಟ್ಟುವುದಿಲ್ಲ. ವಾಹನ ಕೊಳ್ಳುವಾಗಲೂ ಅದೇ ಪರೀಕ್ಷಕ ದೃಷ್ಟಿಯನ್ನು ಬಳಸಬೇಕು. ಮುಂಗಡ ಕೊಡುವ ಮೊದಲು ಪರಿಚಯದ ಮಿಸ್ತ್ರಿಯೊಬ್ಬನಿಂದ ಯಂತ್ರವನ್ನೂ, ಲೆಕ್ಕಪರಿಶೋಧಕರಿಂದ ತೆರಿಗೆಯ ಲೆಕ್ಕವನ್ನೂ ನೋಡಿಸಿಕೊಳ್ಳಬೇಕು. ಆರ್.ಸಿ. ತನ್ನ ಹೆಸರಿಗೆ ಆಗುವವರೆಗೆ ವ್ಯವಹಾರ ಮುಗಿಯಿತೆಂದು ಭಾವಿಸಬಾರದು.